ಕಾಮೆಂಟಿನೊಳಗಿನ ಹೊಂಬಾಳಮ್ಮ

ನಮ್ಮ ಊರಿನಲ್ಲಿ ತೆರೆದದ್ದನ್ನು ಮುಚ್ಚದೆ ಯಾರೂ ಎದ್ದು ಹೋಗುವಂತಿಲ್ಲ. ಯಾರದಾದರೂ ಮನೆಗೆ ಹೋದರೆ ಹೊಸಿಲ ಹೊರಗೆ ನಿಂತು ‘ಭೇಟಿ ತೆರೆದೆ’ ಎನ್ನಬೇಕು. ಕಾಫಿ ಬಂದರೆ ‘ಕಾಫಿ ತೆರೆದೆ’, ಕಾಫಿಯ ನಡುವೆ ನಾದಿನಿಯ ವಿಷಯ ಬಂದರೆ ‘ಚಾಡಿ ತೆರೆದೆ’. ಹೊರಡುವಾಗ ಮೊದಲು ಚಾಡಿ ಮುಚ್ಚಬೇಕು, ಆಮೇಲೆ ಕಾಫಿ, ಕಡೆಗೆ ಭೇಟಿ. ಮುಚ್ಚುವುದನ್ನು ಮರೆತರೆ ಆಮೇಲೆ ನಡೆದದ್ದೆಲ್ಲ ಅದರೊಳಗೇ ನಡೆದಂತೆ. ನನ್ನ ಸೋದರತ್ತೆ ಒಮ್ಮೆ ಓರಗಿತ್ತಿಯೊಡನೆ ಜಗಳ ತೆರೆದು ಮುಚ್ಚದೆ ಬಂದುಬಿಟ್ಟಳು. ಅವಳ ಮಗನ ಮದುವೆ, ಮೊಮ್ಮಗನ ನಾಮಕರಣ, ಗಂಡನ ತಿಥಿ ಎಲ್ಲವೂ ಆ ಜಗಳದ ಒಳಗೇ ಆದವು. ತಿಥಿಯ ವಡೆಯನ್ನೂ ಆಕೆ ಹಲ್ಲು ಕಡಿಯುತ್ತಲೇ ತಿಂದಳು.

ಇದು ಮನೆಮಾತಿನ ಮಟ್ಟಿಗಾಯಿತು. ಊರಿನ ಮಟ್ಟಿಗೆ ಪುರಸಭೆಯಲ್ಲಿ ಒಂದು ಫೈಲಿದೆ, ಎಕ್ಸ್‌ಎಂಎಲ್ ಫೈಲು. ಅದು ಬರುವ ಮುಂಚೆ ಡೇರಿಯ ಕಂಪ್ಯೂಟರ್ ಹೇಳಿದ್ದು ಬಸ್‌ಸ್ಟ್ಯಾಂಡಿನ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲವಂತೆ. ಡೇರಿಯವರು ಬರೀ ‘ನಲವತ್ತು’ ಎಂದು ಕಳಿಸಿದರೆ ಬಸ್‌ಸ್ಟ್ಯಾಂಡಿನವರು ನಲವತ್ತು ಬಸ್ಸು ತಂದು ಡೇರಿಯ ಮುಂದೆ ನಿಲ್ಲಿಸಿದರು. ಆಸ್ಪತ್ರೆಯವರು ಅದನ್ನೇ ವಯಸ್ಸೆಂದು ತಿಳಿದು ಅಂದು ಹುಟ್ಟಿದ ಕೂಸುಗಳಿಗೆಲ್ಲ ಚಾಳೀಸಿನ ಕನ್ನಡಕ ಬರೆದುಕೊಟ್ಟರು. ಈಗ ಹಾಗಿಲ್ಲ. ಪ್ರತಿಯೊಂದರ ಮುಂದೆಯೂ ಎರಡು ಕೊಕ್ಕೆಗಳ ನಡುವೆ ಅದರ ಹೆಸರು, ಹಿಂದೆ ಅದೇ ಹೆಸರು ಒಂದು ಓರೆಗೆರೆಯೊಡನೆ. ಇದಕ್ಕೆ ಟ್ಯಾಗು ಎನ್ನುತ್ತಾರೆ. ಹಾಲಿನ ಟ್ಯಾಗಿನೊಳಗೆ ಕ್ಯಾನಿನ ಟ್ಯಾಗು, ಅದರೊಳಗೆ ನಲವತ್ತು. ಯಾವ ಊರಿನ ಯಾವ ಯಂತ್ರ ಓದಿದರೂ ಹಾಲು ಹಾಲೇ. ಊರಿನ ವೆಬ್‌ಸೈಟಿನಲ್ಲಿ ಕಾಣುವ ನಕ್ಷೆ ಹುಟ್ಟುವುದೂ ಅದೇ ಫೈಲಿನಿಂದ, ನಲ್ಲಿಯಲ್ಲಿ ನೀರು ಬರುವುದೂ ಅದರಿಂದಲೇ. ನಮ್ಮ ಬಸ್ಸುಗಳ ಬ್ರೇಕು ಡ್ರೈವರನ ಕಾಲಡಿಯಲ್ಲಿಲ್ಲ, ಫೈಲಿನಲ್ಲಿದೆ.

ಆ ಫೈಲಿಗೆ ಒಂದು ಹಟ. ಒಂದು ಕಡೆ ತಪ್ಪಿದ್ದರೆ ಇಡೀ ಫೈಲನ್ನೇ ಒಲ್ಲೆ ಎನ್ನುತ್ತದೆ. ಹಿಂದೊಮ್ಮೆ ಡೇರಿಯವರು ಮೊಸರನ್ನು ಮುಚ್ಚದೆ ಬಿಟ್ಟು ಊರೆಲ್ಲ ನಿಂತುಹೋಯಿತು. ಟೆಂಟ್ ಸಿನಿಮಾದಲ್ಲಿ ನಾಯಕ ಖಳನ ಕೆನ್ನೆಗೆ ಎತ್ತಿದ ಕೈ ಎತ್ತಿದ್ದೇ ಆಯಿತು. ಜನ ಏಳಲಾರದೆ, ಆ ಹೊಡೆತ ಬೀಳುವುದನ್ನು ನೋಡದೆ ಹೋಗಲೂ ಮನಸ್ಸಿಲ್ಲದೆ ಬೆಳಗಿನವರೆಗೆ ಕೂತಿದ್ದರು. ಇಂಥ ಫೈಲನ್ನು ನೋಡಿಕೊಳ್ಳುವವರು ಪುರಸಭೆಯ ಪಟ್ಟಾಭಿ. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಒಳ್ಳೆಯದನ್ನು ಬಯಸಲು ಅವರಿಗೆ ಮೇಲಿನಿಂದ ಆದೇಶ ಬಂದಿರಲಿಲ್ಲ, ಅಷ್ಟೇ.

ಈಗ ಹೊಂಬಾಳಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಸೊಟ್ಟಬೀದಿಯ ಟೈಲರು. ನನ್ನ ಅಂಗಡಿಯ ಎದುರು, ಹೊಂಗೆ ಮರದ ಕೆಳಗೆ ಅವಳ ತಳ್ಳುಗಾಡಿ. ಬೆಳಿಗ್ಗೆ ಆ ಗಾಡಿಯ ಮೇಲೆ ಇಸ್ತ್ರಿ ಮಾಡುತ್ತಾಳೆ, ಸಂಜೆ ಅದೇ ಗಾಡಿಯ ಮೇಲೆ ಬೋಂಡ ಕರಿಯುತ್ತಾಳೆ. ಎರಡಕ್ಕೂ ಒಂದೇ ಇದ್ದಿಲು. ಪೆಟ್ಟಿಗೆಯಲ್ಲಿ ಕಾವು ಇಳಿದ ಕೆಂಡ ಒಲೆಗೆ ಹೋಗುತ್ತದೆ, ಒಲೆಯಲ್ಲಿ ಉಳಿದದ್ದು ಬೆಳಿಗ್ಗೆ ಪೆಟ್ಟಿಗೆಗೆ ಬರುತ್ತದೆ. ಹಾಗಾಗಿ ನಮ್ಮ ಬೀದಿಯವರ ಅಂಗಿಗಳಿಗೆ ಸಣ್ಣಗೆ ಈರುಳ್ಳಿಯ ವಾಸನೆ. ಕತ್ತಲಲ್ಲಿ ಎದುರಾದರೂ ಇವನು ಸೊಟ್ಟಬೀದಿಯವನು ಎಂದು ಜನ ಗುರುತು ಹಿಡಿಯುತ್ತಿದ್ದರು. ಗಂಡ ಇಲ್ಲದ ಹೆಂಗಸು, ಒಬ್ಬಳೇ ಮಗಳು ಸುಗುಣ. ಇಬ್ಬರೂ ಆ ಗಾಡಿಯ ಮೇಲೆ ಬದುಕಿದ್ದರು, ಯಾರ ಹಂಗೂ ಇಲ್ಲದೆ.

ಫೈಲಿಗೆ ಒಂದು ಅಚ್ಚು ಇದೆ. ಯಾವ ಟ್ಯಾಗಿನೊಳಗೆ ಏನಿರಬೇಕು, ಎಷ್ಟಿರಬೇಕು ಎಂದು ಆ ಅಚ್ಚು ಹೇಳುತ್ತದೆ. ಮನುಷ್ಯನ ಟ್ಯಾಗಿನೊಳಗೆ ಹೆಸರು ಒಂದು, ಮನೆ ಒಂದು, ಕಸುಬು ಒಂದು. ಮದುವೆಯಾಗದ ಮಕ್ಕಳು ತಾಯಿಯ ಟ್ಯಾಗಿನೊಳಗೇ ಇರಬೇಕು. ಕೆಲವು ವರ್ಷಗಳ ಹಿಂದೆ ಪಟ್ಟಾಭಿ ಮನೆಮನೆಗೆ ಬಂದು ಹೊಸದಾಗಿ ಎಲ್ಲ ಬರೆದುಕೊಳ್ಳುವಾಗ ಹೊಂಬಾಳಮ್ಮನ ಗಾಡಿಯ ಮುಂದೆ ಎಡವಿದರು.

“ಕಸುಬು ಏನಮ್ಮ?”

“ಇಸ್ತ್ರಿ, ಬೋಂಡ.”

“ಒಂದು ಹೇಳಿ.”

“ಎರಡು ಮಾಡ್ತೀನಲ್ಲ ಸ್ವಾಮಿ, ಒಂದು ಹೆಂಗೆ ಹೇಳ್ಲಿ? ಬೆಳಿಗ್ಗೆ ಬನ್ನಿ ಇಸ್ತ್ರಿ ಅಂತೀನಿ, ಸಾಯಂಕಾಲ ಬನ್ನಿ ಬೋಂಡ ಅಂತೀನಿ.”

“ಅಚ್ಚಲ್ಲಿ ಒಂದೇ ಕಸುಬಿಗೆ ಜಾಗ ಇರೋದು ಕಣಮ್ಮ. ಎರಡು ಹಾಕಿದ್ರೆ ಫೈಲು ತಗೊಳಲ್ಲ.”

“ತಗೊಳದಿದ್ರೆ ಬಿಡ್ಲಿ. ಹೊಟ್ಟೆ ಎರಡು ಐತೆ ಮನೇಲಿ. ಕಸುಬು ಒಂದೇ ಅಂತ ಸುಳ್ಳು ಯಾಕೆ ಹೇಳ್ಲಿ?”

ಪಟ್ಟಾಭಿ ತಲೆ ಕೆರೆದುಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಡೆಗೆ, “ಸದ್ಯಕ್ಕೆ ಕಾಮೆಂಟಲ್ಲಿ ಹಾಕಿರ್ತೀನಿ” ಎಂದರು.

ಕಾಮೆಂಟು ಎಂದರೆ ಅಳಿಸುವುದಲ್ಲ. ನಮ್ಮ ಪುರಸಭೆ ಯಾರನ್ನೂ ಅಳಿಸಿದ್ದಿಲ್ಲ, ಅಷ್ಟು ಕಟುಕರಲ್ಲ ಅವರು. ಇದ್ದಲ್ಲೇ ಇದ್ದವರ ಮುಂದೊಂದು ಗುರುತು, ಹಿಂದೊಂದು ಗುರುತು ಹಾಕುತ್ತಾರೆ. ಆ ಗುರುತುಗಳ ನಡುವೆ ಇದ್ದವರನ್ನು ಮನುಷ್ಯರು ಓದಬಹುದು, ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದು ಸಂಜೆಯೇ ಹೊಂಬಾಳಮ್ಮನ ನಲ್ಲಿ ನಿಂತಿತು. ರೇಷನ್ ಅಂಗಡಿಯ ತಕ್ಕಡಿಯ ಮೇಲೆ ಅವಳು ಚೀಲ ಇಟ್ಟರೆ ಮುಳ್ಳು ಅಲುಗಲಿಲ್ಲ. ಅವಳು ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲಲಿಲ್ಲ. ಮನುಷ್ಯರಿಗೆ ಕಾಣುತ್ತಿದ್ದಳು, ನಿಜ. ಆದರೆ ಯಂತ್ರಕ್ಕೆ ಬೇಡವಾದವರನ್ನು ನೋಡಿಯೂ ನೋಡದಂತೆ ಇರುವುದು ನಮ್ಮೂರಿನ ಮರ್ಯಾದೆ. ಜನ ಮುಖವನ್ನು ಆಚೆ ತಿರುಗಿಸಿ ಕೈಯನ್ನು ಮಾತ್ರ ಈಚೆ ಚಾಚಿ ಬೋಂಡ ತೆಗೆದುಕೊಂಡು ಹೋಗುತ್ತಿದ್ದರು, ಹೊಂಗೆ ಮರದಲ್ಲೇ ಬೋಂಡ ಬಿಟ್ಟಿತೇನೋ ಎನ್ನುವ ಹಾಗೆ. ಅವಳ ಮುಂದೆ ಯಾರೂ ದನಿ ತಗ್ಗಿಸಿ ಮಾತಾಡುತ್ತಿರಲಿಲ್ಲ. ಊರಿನ ಗುಟ್ಟೆಲ್ಲ ಅವಳಿಗೆ ತಿಳಿದದ್ದು ಹಾಗೆ.

ಹೊಂಬಾಳಮ್ಮ ಜಗ್ಗಲಿಲ್ಲ. ನಮ್ಮ ಮನೆಯ ಬಾವಿಯಿಂದ ನೀರು ಸೇದಿಕೊಂಡಳು, ಸಂತೆಯಲ್ಲಿ ಅಕ್ಕಿ ಕೊಂಡಳು, ಬಸ್ಸಿನ ದಾರಿಯನ್ನು ಕಾಲಿನಲ್ಲಿ ನಡೆದಳು. ಸುಗುಣಳನ್ನು ರೇವಣ್ಣ ಮೆಚ್ಚುವವರೆಗೆ ಎಲ್ಲ ಹೇಗೋ ನಡೆಯಿತು.

ರೇವಣ್ಣ ಪಕ್ಕದ ಊರಿನವನು, ನಮ್ಮ ಬೀದಿಯ ಬಾಯಲ್ಲಿ ನಿಂತು ಹೋಗುವ ಬಸ್ಸಿನ ಕಂಡಕ್ಟರು. ಹೊಳೆಯಾಚೆಯವನಾದ್ದರಿಂದ ನಮ್ಮ ಮರ್ಯಾದೆಗಳು ಅವನಿಗೆ ಗೊತ್ತಿರಲಿಲ್ಲ. ಬಂದವನೇ ನೇರವಾಗಿ ಸುಗುಣಳ ಮುಖ ನೋಡಿಬಿಟ್ಟ. ಮದುವೆ ಮಾತಾಯಿತು. ಅವನ ಮನೆಯವರು ನಮ್ಮವರಿಗಿಂತ ಸಾಧು ಜನ, ವರದಕ್ಷಿಣೆ ಬೇಡ, ಚಿನ್ನ ಬೇಡ ಎಂದರು. ಹುಡುಗಿಯ ಟ್ಯಾಗು ತಮ್ಮೂರ ಫೈಲಿಗೆ ಬಂದು ಸೇರಿದರೆ ಸಾಕು ಎಂದರು. ಸಮಸ್ಯೆ ಇದ್ದದ್ದೇ ಅಲ್ಲಿ. ಒಂದು ಊರು ಇನ್ನೊಂದು ಊರಿಗೆ ಫೈಲು ಕಳಿಸುವಾಗ ಕಾಮೆಂಟಿನಲ್ಲಿದ್ದದ್ದು ದಾರಿಯಲ್ಲೇ ಉದುರಿಹೋಗುತ್ತದೆ. ತಾಯಿಯೊಳಗೆ ಮಗಳು, ತಾಯಿ ಕಾಮೆಂಟಿನೊಳಗೆ.

ನೋಡಿಯೇ ಬಿಡೋಣ ಎಂದು ಒಮ್ಮೆ ರೇವಣ್ಣ ತಿರುವಿನಲ್ಲಿ ಬಸ್ಸು ನಿಧಾನವಾದಾಗ ಕೈ ಕೊಟ್ಟು ಸುಗುಣಳನ್ನು ಹತ್ತಿಸಿಕೊಂಡ. ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದ. ಬಸ್ಸು ಹೊಳೆಯ ಸೇತುವೆ ದಾಟಿತು. ಆ ದಡದಲ್ಲಿ ತಿರುಗಿ ನೋಡಿದರೆ ಸೀಟು ಖಾಲಿ. ಈ ದಡದಲ್ಲಿ ಸುಗುಣ ಬುಟ್ಟಿ ಹಿಡಿದುಕೊಂಡು ನಿಂತಿದ್ದಳು, ಟಿಕೆಟ್ಟು ಇನ್ನೂ ಬೆರಳಿನಲ್ಲಿತ್ತು. ಮನೆಗೆ ನಡೆದುಕೊಂಡು ಬಂದು, ಆ ಟಿಕೆಟ್ಟನ್ನು ಗಾಡಿಯ ಮೇಲಿಟ್ಟು, ಈರುಳ್ಳಿ ಹೆಚ್ಚಲು ಕೂತಳು. ಅದೇ ಹೊಂಬಾಳಮ್ಮನಿಗೆ ನಾಟಿತು.

ಮಾರನೆಯ ದಿನ ಅವಳು ಪುರಸಭೆಗೆ ಹೋದಳು. ನಾನೂ ಜೊತೆಗಿದ್ದೆ. ಪಟ್ಟಾಭಿಯ ಮೇಜಿನ ಮುಂದೆ ನಿಂತು, “ಸೋತೆ ಸ್ವಾಮಿ. ಬೋಂಡ ಬಿಡ್ತೀನಿ. ಬರೀ ಇಸ್ತ್ರಿ ಅಂತಲೇ ಬರ್ಕೊಳ್ಳಿ. ನನ್ನ ಮಗಳನ್ನ ಹೊಳೆ ದಾಟಿಸಿ” ಎಂದಳು. ಪಟ್ಟಾಭಿ ಕಿಟಕಿಯ ಕಡೆ ನೋಡುತ್ತ ಕೂತಿದ್ದರು.

ನಾನು, “ಸ್ವಾಮಿ, ಅಕ್ಕ ಏನೋ ಹೇಳ್ತಾವ್ಳೆ” ಎಂದೆ.

“ನನಗೂ ಕೇಳಿಸ್ತು ಟೈಲರೇ. ಆದ್ರೆ ಕಾಮೆಂಟಿನೊಳಗಿಂದ ಬಂದ ಅರ್ಜಿ ಲೆಕ್ಕಕ್ಕೆ ಬರಲ್ಲ. ಮೊದಲು ಅವರು ಹೊರಗೆ ಬರಲಿ, ಬಂದು ಅರ್ಜಿ ಕೊಡಲಿ.”

“ಹೊರಗೆ ಬರೋಕೇ ತಾನೆ ಅರ್ಜಿ?”

“ಹೌದು” ಎಂದರು ಪಟ್ಟಾಭಿ, ಬಹಳ ಪ್ರಾಮಾಣಿಕವಾಗಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗೆ ಭಕ್ತೆಯ ಮುಖವೇ ಕಾಣುತ್ತಿರಲಿಲ್ಲ.

ರೇವಣ್ಣನ ಮನೆಯವರು ಕಾದರು. ಒಂದು ಮುಹೂರ್ತ ತಪ್ಪಿತು, ಎರಡನೆಯದೂ ತಪ್ಪಿತು. ಮೂರನೆಯದನ್ನು ಇಟ್ಟು, ಇದೂ ತಪ್ಪಿದರೆ ಹುಡುಗನಿಗೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಕಳಿಸಿದರು. ಆ ಮುಹೂರ್ತದ ಹಿಂದಿನ ದಿನವೇ ನಮ್ಮ ಊರಿಗೆ ಮಾದರಿ ಊರು ಸಮಿತಿ ಬರುವುದಿತ್ತು.

ಸಮಿತಿಯವರು ವೆಬ್‌ಸೈಟಿನಲ್ಲಿ ಊರನ್ನು ನೋಡಿ, ಆಮೇಲೆ ಕಣ್ಣಾರೆ ಊರನ್ನು ನೋಡಿ, ಎರಡೂ ತಾಳೆಯಾದರೆ ಪ್ರಶಸ್ತಿ ಕೊಡುತ್ತಾರೆ. ಪುರಸಭಾಧ್ಯಕ್ಷ ಮುದ್ದುವೀರಪ್ಪನವರು ಬೆಳಿಗ್ಗೆ ನಕ್ಷೆ ನೋಡಿದಾಗ ನೆಟ್ಟಗಿದ್ದ ಬೀದಿಗಳ ನಡುವೆ ನಮ್ಮದೊಂದು ಎಮ್ಮೆಯ ಕೋಡಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು. ನೆಟ್ಟಗೆ ಮಾಡಲು ಹೊತ್ತಿರಲಿಲ್ಲ. “ಪಟ್ಟಾಭಿ, ಆ ಬೀದಿಗೆ ಬೀದಿಯನ್ನೇ ಕಾಮೆಂಟಲ್ಲಿ ಹಾಕ್ರಿ, ಸದ್ಯಕ್ಕೆ” ಎಂದರು. ಪಟ್ಟಾಭಿ ಬೀದಿಯ ಬಾಯಿಗೊಂದು ಗುರುತು ಹಾಕಿದರು, ಕೊನೆಗೊಂದು ಗುರುತು ಹಾಕಿದರು.

ಕಾಮೆಂಟಿನೊಳಗೆ ಕಾಮೆಂಟು ಇರುವಂತಿಲ್ಲ. ಇದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ಪಟ್ಟಾಭಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಆ ಬೀದಿಯ ನಡುವೆ ಒಬ್ಬ ಹೆಂಗಸು ಮೊದಲೇ ಕಾಮೆಂಟಿನಲ್ಲಿದ್ದಾಳೆ ಎಂಬುದನ್ನು ಅವರು ಮರೆತಿದ್ದರು. ಮೂರು ವರ್ಷದಿಂದ ಅವಳನ್ನು ನೋಡದೆ ನೋಡದೆ, ತಾವೇ ಹಾಕಿದ ಗುರುತು ತಮಗೇ ಕಾಣದಷ್ಟು ಪಳಗಿಹೋಗಿದ್ದರು. ಫೈಲು ಒಲ್ಲೆ ಎಂದಿತು. ಊರು ನಿಂತಿತು.

ನನ್ನ ಮೋಟಾರು ಹೊಲಿಗೆ ಯಂತ್ರದ ಸೂಜಿ ಅಧ್ಯಕ್ಷರ ಹೆಂಡತಿಯ ರವಿಕೆಯಲ್ಲಿ ಹೂತು ನಿಂತಿತು. ನಲ್ಲಿಯಿಂದ ಬೀಳುತ್ತಿದ್ದ ನೀರು ಬಿಂದಿಗೆ ಮುಟ್ಟದೆ ಅರ್ಧದಲ್ಲಿ ನೇತಾಡಿತು. ಹೋಟೆಲುಗಳ ಗ್ಯಾಸು ಆರಿತು. ರೇವಣ್ಣನ ಬಸ್ಸು ನಮ್ಮ ಬೀದಿಯ ಬಾಯಲ್ಲಿ ಉಸಿರು ಕಟ್ಟಿ ನಿಂತಿತು. ಊರ ಬಾಗಿಲಿನ ಅಡ್ಡಗಂಬ ಅರ್ಧ ಎದ್ದು ನಿಂತು, ಅದರ ಕೆಳಗೆ ಸಮಿತಿಯ ಕಾರು ಮುಂದೆಯೂ ಬರಲಾರದೆ ಹಿಂದೆಯೂ ಹೋಗಲಾರದೆ ಸಿಕ್ಕಿಕೊಂಡಿತು. ತಪ್ಪು ಸೊಟ್ಟಬೀದಿಯಲ್ಲಿದೆ ಎಂದಷ್ಟೇ ಯಂತ್ರ ಹೇಳಿತು, ಯಾರ ಮನೆಯಲ್ಲಿ ಎಂದು ಹೇಳಲಿಲ್ಲ.

ಪಟ್ಟಾಭಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಅಧ್ಯಕ್ಷರು ಪಂಚೆ ಎತ್ತಿಕೊಂಡು ಬೀದಿಗೆ ಓಡಿ ಬಂದರು. ಮನೆಮನೆಗೆ ನುಗ್ಗಿ, “ಏನಾದ್ರೂ ತೆರೆದದ್ದು ಮುಚ್ಚದೆ ಬಿಟ್ಟಿದ್ದೀರಾ?” ಎಂದು ಕೇಳಿದರು. ಜನ ಹೆದರಿ ಎಲ್ಲವನ್ನೂ ಮುಚ್ಚಿದರು. ಅರ್ಧ ಹೇಳಿದ್ದ ಅಡುಗೂಲಜ್ಜಿ ಕಥೆ ಮುಚ್ಚಿದರು, ಮುರಿದಿದ್ದ ಸಂಬಂಧಗಳನ್ನು ಮುಚ್ಚಿದರು, ಉಪ್ಪಿನಕಾಯಿ ಭರಣಿ ಮುಚ್ಚಿದರು. ನನ್ನ ಸೋದರತ್ತೆಯನ್ನು ಓರಗಿತ್ತಿಯ ಮನೆಗೆ ಎಳೆದುಕೊಂಡು ಹೋಗಿ ಆ ಹಳೆಯ ಜಗಳವನ್ನೂ ಮುಚ್ಚಿಸಿದರು. ಇಬ್ಬರು ಮುದುಕಿಯರೂ ಗೊಳೋ ಎಂದು ಅತ್ತರು, ಏಕೆಂದರೆ ಮುಂದೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಊರು ಮಾತ್ರ ನಿಂತೇ ಇತ್ತು. ನನ್ನ ಅಂಗಡಿಗೂ ಬಂದು ಅಂಗಿಗಳ ಗುಂಡಿ-ಕಾಜಾಗಳನ್ನು ಒಂದೊಂದಾಗಿ ಎಣಿಸಿ ನೋಡಿದರು. ಹೇಳಿಬಿಡೋಣ ಎಂದು ಬಾಯಿ ತೆರೆದವನು ಎದುರಿಗೆ ನೋಡಿದೆ. ಹೊಂಬಾಳಮ್ಮ ಬೇಡ ಎನ್ನುವ ಹಾಗೆ ಕಣ್ಣು ಮಾಡಿದಳು. ಗಾಡಿಯ ಮೇಲೆ ಬಾಣಲೆ ಇಟ್ಟು, ಹಿಟ್ಟು ಕಲಸುತ್ತಿದ್ದಳು.

ಊರಿನಲ್ಲಿ ಅವಳ ಒಲೆಯೊಂದೇ ಉರಿಯುತ್ತಿತ್ತು. ಫೈಲಿನ ಲೆಕ್ಕದಲ್ಲಿ ಇಲ್ಲದ ಒಲೆಯನ್ನು ಫೈಲು ಹೇಗೆ ನಿಲ್ಲಿಸೀತು? ಮಧ್ಯಾಹ್ನ ಕಳೆದಿತ್ತು. ಊಟ ಕಾಣದ ಊರಿನ ಮೇಲೆ ಈರುಳ್ಳಿ ಬೋಂಡದ ವಾಸನೆ ಹರಡಿತು. ಪಟ್ಟಾಭಿ ಎಂದಿನಂತೆ ಮುಖ ಆಚೆ ತಿರುಗಿಸಿ ಕೈ ಈಚೆ ಚಾಚಿದರು. ಹೊಂಬಾಳಮ್ಮ ಬೋಂಡ ಕೊಡಲಿಲ್ಲ. ಚಾಚಿದ ಕೈ ಚಾಚಿಯೇ ಇತ್ತು. ಕಡೆಗೆ ಏನಾಯಿತೆಂದು ನೋಡಲು ಪಟ್ಟಾಭಿ ಮುಖ ತಿರುಗಿಸಬೇಕಾಯಿತು.

ಮೂರು ವರ್ಷದ ಮೇಲೆ ಅವಳನ್ನು ನೋಡಿದವರೇ, “ಅಯ್ಯೋ!” ಎಂದು ತಲೆಯ ಮೇಲೆ ಕೈ ಹೊತ್ತುಕೊಂಡರು. “ಅಧ್ಯಕ್ಷರೇ, ಇವರು ಇಲ್ಲಿದ್ದಾರೆ!”

“ಯಾರ್ರೀ?” ಎಂದರು ಅಧ್ಯಕ್ಷರು, ಇನ್ನೂ ಆಚೆಯೇ ನೋಡುತ್ತ.

ಕಾಮೆಂಟು ತೆಗೆಯಲು ಒಂದು ನಿಯಮವಿದೆ. ಒಳಗಿದ್ದವರು ಮೊದಲು ಹೊರಗೆ ಬರಬೇಕು, ಫೈಲು ಅವರನ್ನು ಒಂದು ಸಲ ಓದಬೇಕು. ಆಮೇಲೆ ಬೇಕಾದರೆ ಮತ್ತೆ ಮುಚ್ಚಬಹುದು. ಫೈಲು ಓದಬೇಕೆಂದರೆ ಅವರು ಅಚ್ಚಿಗೆ ಹೊಂದಬೇಕು. ಪಟ್ಟಾಭಿ ಗಾಡಿಯ ಅಂಚಿನ ಮೇಲೆ ಲ್ಯಾಪ್‌ಟಾಪು ಇಟ್ಟು, “ಹೊಂಬಾಳಮ್ಮನವರೇ, ಬೇಗ ಒಂದು ಕಸುಬು ಹೇಳಿಬಿಡಿ ತಾಯಿ” ಎಂದು ಬೇಡಿದರು.

“ಎರಡು” ಎಂದಳು ಹೊಂಬಾಳಮ್ಮ.

“ಅವತ್ತು ಆಫೀಸಿಗೆ ಬಂದು ಬರೀ ಇಸ್ತ್ರಿ ಅಂದ್ರಿ?”

“ಅವತ್ತು ಕೇಳಿಸ್ತು ಹಂಗಾದ್ರೆ. ಅವತ್ತಿನ ಮಾತು ಅವತ್ತಿಗಾಯ್ತು ಸ್ವಾಮಿ. ಇವತ್ತು ಎರಡು.”

ಸಮಿತಿಯ ಕಾರು ಹಾರನ್ ಹಾಕುತ್ತಿತ್ತು. ಅಧ್ಯಕ್ಷರು, “ಆ ಅಚ್ಚನ್ನೇ ಬದಲಾಯಿಸ್ರಿ, ಏನು ಅದು ನಿಮ್ಮ ಮುತ್ತಾತ ಎರಕ ಹೊಯ್ದದ್ದಾ?” ಎಂದು ಗದರಿದರು. ಪಟ್ಟಾಭಿ ಅಚ್ಚು ತೆರೆದು, ‘ಒಂದೇ’ ಎಂದಿದ್ದ ಕಡೆ ‘ಒಂದು ಅಥವಾ ಹೆಚ್ಚು’ ಎಂದು ಮಾಡಿದರು. ಬಾಣಲೆಯಲ್ಲಿದ್ದ ಬೋಂಡವನ್ನು ಹೊಂಬಾಳಮ್ಮ ಮಗುಚಿ ಹಾಕುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವಳು ಜಾಲರಿ ಸೌಟನ್ನು ಅರ್ಧಕ್ಕೇ ಎತ್ತಿ ಹಿಡಿದಳು. “ಇಷ್ಟೇಯಾ?” ಎಂದಳು. ನನಗಂತೂ ಆ ಲ್ಯಾಪ್‌ಟಾಪನ್ನು ಎತ್ತಿ ಎಣ್ಣೆಗೆ ಹಾಕುವಷ್ಟು ಸಿಟ್ಟು ಬಂತು.

ಆಗ ಅಧ್ಯಕ್ಷರು ಪಟ್ಟಾಭಿಗೆ ಹೇಳಿದರು, ಅವಳ ಮುಂದೆಯೇ, ಗಟ್ಟಿಯಾಗಿ, ಮೂರು ವರ್ಷದ ಅಭ್ಯಾಸದಂತೆ: “ಬೀದಿ ಗುರುತೂ ಇವಳ ಗುರುತೂ ತೆಗೀರಿ, ಫೈಲು ಒಂದು ಸಲ ಓಡಲಿ, ಓಡಿದ ಕೂಡ್ಲೇ ಇವಳನ್ನೂ ಸೇರಿಸಿ ಇಡೀ ಬೀದಿ ಮುಚ್ಚಿಬಿಡಿ. ಸಮಿತಿ ಕಾರು ಬಾಗಿಲಿಂದ ಇಲ್ಲಿಗೆ ಬರೋದ್ರೊಳಗೆ ಆಗಬೇಕು.”

ಹೊಂಬಾಳಮ್ಮ ಸುಗುಣಳ ಕಡೆ ನೋಡಿದಳು. ಸುಗುಣ ಒಳಗೆ ಹೋಗಿ ಬಟ್ಟೆಯ ಗಂಟು ತಂದಳು. ತಾಯಿ ಮಗಳಿಗೆ ಅಷ್ಟೇ ಸಾಕಾಗಿತ್ತು.

ಪಟ್ಟಾಭಿ ಗುಂಡಿ ಒತ್ತಿದರು. ಊರು ಒಮ್ಮೆ ನಡುಗಿ ನಡೆಯತೊಡಗಿತು. ನೇತಾಡುತ್ತಿದ್ದ ನೀರು ಬಿಂದಿಗೆಗೆ ಬಿತ್ತು, ನನ್ನ ಯಂತ್ರ ರವಿಕೆಯನ್ನು ನುಂಗಿತು. ಬೀದಿಯ ಬಾಯಲ್ಲಿದ್ದ ಬಸ್ಸು ಗುರ್ ಎಂದು ಒಂದು ಮಾರು ಮುಂದೆ ಬಂದು ಸುಗುಣಳ ಮುಂದೆ ನಿಂತಿತು. ಅವಳಿಗಾಗಿ ನಿಂತಿತು. ಹತ್ತುವ ಮುಂಚೆ ಅವಳು ತಿರುಗಿ, “ನೀನೂ ಬಾರವ್ವ” ಎಂದಳು.

“ನೀನು ಹೋಗು. ಇಲ್ಲಿ ನನಗೆ ಕೆಲಸ ಐತೆ” ಎಂದಳು ತಾಯಿ.

ಕೆಲಸ ಇತ್ತು. ಬಸ್ಸು ಸೇತುವೆ ದಾಟಿ ರೇವಣ್ಣನ ಊರಿನ ಫೈಲಿಗೆ ಸುಗುಣ ಸೇರುವ ಮುಂಚೆ ಬೀದಿ ಮುಚ್ಚಿಹೋದರೆ ಅವಳು ಮತ್ತೆ ಈ ದಡದಲ್ಲಿ ಉದುರುತ್ತಾಳೆ. ಪಟ್ಟಾಭಿಯ ಬೆರಳು ಆಗಲೇ ಗುಂಡಿಗಳ ಮೇಲಿತ್ತು. ಹೊಂಬಾಳಮ್ಮ ಬಾಣಲೆಯಿಂದ ಆಗತಾನೆ ತೆಗೆದ ಬೋಂಡಗಳನ್ನು ಎಲೆಯ ಮೇಲೆ ಹಾಕಿ, ಕಾಯಿಚಟ್ನಿ ಸುರಿದು, ಪಟ್ಟಾಭಿಯ ಎರಡೂ ಕೈಗಳಿಗೆ ಇಟ್ಟಳು. “ಬೆಳಿಗ್ಗಿಂದ ಏನೂ ತಿಂದಿಲ್ಲ ನೀವು. ಎರಡು ಬಾಯಿಗೆ ಹಾಕ್ಕೊಂಡು ಆಮೇಲೆ ಮುಚ್ಚಿ. ಎಲ್ಲಿಗೆ ಓಡಿಹೋಗ್ತೀನಿ ನಾನು?” ಹಸಿದ ಬ್ರಾಹ್ಮಣ, ಬಿಸಿ ಬೋಂಡ. ಒಂದು ತಿಂದವರು ಎರಡನೆಯದಕ್ಕೆ ಕೈ ಹಾಕಿದರು. ಬೆರಳಿಗೆಲ್ಲ ಎಣ್ಣೆ, ಚಟ್ನಿ.

ಅಧ್ಯಕ್ಷರು, “ರೀ, ನಾನೇ ಒತ್ತುತೀನಿ, ಯಾವ ಗುಂಡಿ ಹೇಳ್ರಿ” ಎಂದು ಮುಂದೆ ಬಂದರು. ಹೊಂಬಾಳಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಈ ಅಂಗೀಲಿ ಸಮಿತಿ ಮುಂದೆ ನಿಂತ್ಕೋತೀರಾ ಬುದ್ಧಿ? ಹಸು ಮೆಲುಕು ಹಾಕಿ ಬಿಟ್ಟಂಗಿದೆ. ಫೋಟೋ ಬೇರೆ ತೆಗೀತಾರೆ. ಬಿಚ್ಚಿ ಇಲ್ಲಿ, ಒಂದು ಎಳೆ ಎಳೆದು ಕೊಡ್ತೀನಿ.” ಫೋಟೋ ಎಂದ ಕೂಡಲೇ ಅಧ್ಯಕ್ಷರು ಅಂಗಿ ಬಿಚ್ಚಿದರು. ಬನಿಯನ್ನಿನಲ್ಲಿ ನಿಂತ ಅಧ್ಯಕ್ಷ ಯಾವ ಗುಂಡಿಯನ್ನೂ ಒತ್ತುವ ಸ್ಥಿತಿಯಲ್ಲಿರುವುದಿಲ್ಲ; ಆಚೀಚೆ ಯಾರು ನೋಡುತ್ತಿದ್ದಾರೆ ಎಂಬುದೇ ಅವನಿಗೆ ಚಿಂತೆ. ಹೊಂಬಾಳಮ್ಮ ಒಲೆಯಿಂದ ಕೆಂಡ ತೆಗೆದು ಪೆಟ್ಟಿಗೆಗೆ ತುಂಬಿ, ನೀರು ಚಿಮುಕಿಸಿ, ಕಾಲರಿನಿಂದ ಶುರುಮಾಡಿದಳು. ಕಾಲರು ಒಳಗೊಮ್ಮೆ, ಹೊರಗೊಮ್ಮೆ. ತೋಳು ಹಾಗೇ. ಗುಂಡಿಗಳ ಸುತ್ತ ಒಂದೊಂದಾಗಿ. ನನ್ನ ಜನ್ಮದಲ್ಲಿ ಅವಳು ಅಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ್ದನ್ನು ನಾನು ನೋಡಿಲ್ಲ. ಒಂದೇ ಕಸುಬಿನವಳಾಗಿದ್ದರೆ ಅಂದು ಒಬ್ಬರನ್ನಷ್ಟೇ ಹಿಡಿದಿಡಲು ಆಗುತ್ತಿತ್ತು.

“ಕೈ ತೊಳೀಬೇಕು, ನೀರು?” ಎಂದರು ಪಟ್ಟಾಭಿ.

ಆ ಹೊತ್ತಿಗೆ ಸರಿಯಾಗಿ ಹೊಂಬಾಳಮ್ಮನ ಮನೆಯ ಮುಂದಿನ ನಲ್ಲಿ ಕೆಮ್ಮಿತು. ಮೂರು ವರ್ಷದ ಮೇಲೆ ಅವಳು ಲೆಕ್ಕದಲ್ಲಿದ್ದಳಲ್ಲ. ಮೊದಲು ಬರೀ ಗಾಳಿ ಬಂತು, ಆಮೇಲೆ ತುಕ್ಕಿನ ಕೆಂಪು ನೀರು. “ತಡೀರಿ ಸ್ವಾಮಿ, ತಿಳಿ ಆಗ್ಲಿ” ಎಂದಳು, ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ನಿಲ್ಲಿಸದೆ. ಕಣ್ಣು ಮಾತ್ರ ನಲ್ಲಿಯ ಮೇಲಿತ್ತು. ನೀರು ತಿಳಿಯಾಯಿತು. ಅದರ ಮೊದಲ ಬೊಗಸೆಯಲ್ಲಿ ಪಟ್ಟಾಭಿ ಕೈ ತೊಳೆದುಕೊಂಡರು.

ಆಗ ಹೊಳೆಯಾಚೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಉದ್ದಕ್ಕೆ, ಬಿಡದೆ, ಮದುವೆಯ ವಾಲಗದ ಹಾಗೆ ಕೂಗಿತು. ಹೊಂಬಾಳಮ್ಮ ಅಂಗಿಯನ್ನು ಮಡಿಸಿ ಅಧ್ಯಕ್ಷರ ಕೈಗಿಟ್ಟಳು. “ಆಯ್ತು ಬುದ್ಧಿ” ಎಂದಳು. ಪಟ್ಟಾಭಿ ಒದ್ದೆ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ಗುಂಡಿ ಒತ್ತಿದರು. ನಲ್ಲಿ ನಿಂತಿತು. ಈ ಸಲ ನನ್ನ ಅಂಗಡಿಯ ದೀಪವೂ ಆರಿತು.

ಸಮಿತಿ ಬಂತು, ನಕ್ಷೆಯಲ್ಲಿ ಉಳಿದಿದ್ದ ನೆಟ್ಟನೆಯ ಬೀದಿಗಳನ್ನಷ್ಟೇ ನೋಡಿತು, ಪ್ರಶಸ್ತಿ ಕೊಟ್ಟಿತು. ಫೋಟೋದಲ್ಲಿ ಅಧ್ಯಕ್ಷರ ಅಂಗಿಯೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಪಕ್ಕದಲ್ಲಿ ನಿಂತ ಸಮಿತಿಯವರೊಬ್ಬರು ಮೂಗರಳಿಸಿ ಏನನ್ನೋ ಹುಡುಕುವ ಹಾಗಿದ್ದಾರೆ, ಈರುಳ್ಳಿ ಇರಬೇಕು. ಅಚ್ಚಿನಲ್ಲಿ ‘ಒಂದು ಅಥವಾ ಹೆಚ್ಚು’ ಎಂದು ಬಂದದ್ದರಿಂದ ಮೊದಲು ಪ್ರಯೋಜನವಾದದ್ದೂ ಅಧ್ಯಕ್ಷರಿಗೇ. ಅವರು ಈಗ ಅಧ್ಯಕ್ಷರೂ ಹೌದು, ಮರಳಿನ ಕಂಟ್ರಾಕ್ಟರೂ ಹೌದು, ಫೈಲಿನಲ್ಲಿ ಎರಡೂ ಸಲೀಸಾಗಿ ಕೂತಿವೆ. ಸೊಟ್ಟಬೀದಿ ಸದ್ಯಕ್ಕೆ ಕಾಮೆಂಟಿನಲ್ಲಿದೆ. ಸದ್ಯಕ್ಕೆ ಎಂಬ ಮಾತು ಎಷ್ಟು ಗಟ್ಟಿಮುಟ್ಟು ಎಂಬುದು ಬೀದಿಯವರಿಗೆಲ್ಲ ಈಗ ತಿಳಿದಿದೆ.

ಮೊದಮೊದಲು ಜನ ಅಂಜಿದರು. ಆಮೇಲೆ ಒಬ್ಬೊಬ್ಬರಾಗಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನೋಡದಿರುವ ಮರ್ಯಾದೆ ಲೆಕ್ಕದಲ್ಲಿದ್ದವರಿಗೆ, ನಮಗೇಕೆ? ಅಚ್ಚು ಕೇಳುವವರಿಲ್ಲದ್ದರಿಂದ ನಾನು ಹೊಲಿಗೆಯ ಜೊತೆ ಕೊಳಲು ಕಲಿಸುತ್ತೇನೆ. ನನ್ನ ಸೋದರತ್ತೆ ಓರಗಿತ್ತಿಯ ಜೊತೆ ಸೇರಿ ಹಪ್ಪಳ ಮಾಡುತ್ತಾಳೆ, ಇಬ್ಬರೂ ದಿನಕ್ಕೊಂದು ಸಣ್ಣ ಜಗಳ ತೆರೆದು ಅಂದಂದೇ ಮುಚ್ಚುತ್ತಾರೆ. ಹೊಂಬಾಳಮ್ಮನಿಗೆ ಮಾತ್ರ ಮಗಳ ಮದುವೆಯನ್ನು ನೋಡಲಾಗಲಿಲ್ಲ. ಮುಹೂರ್ತದ ಹೊತ್ತಿಗೆ ಈ ದಡದವರೆಗೆ ನಡೆದು ಹೋಗಿ, ಸೇತುವೆಯ ತುದಿಯಲ್ಲಿ ನಿಂತು, ಆಚೆಯ ವಾಲಗ ಕೇಳಿಸಿಕೊಂಡು, ಸೆರಗಿನಲ್ಲಿದ್ದ ಅಕ್ಷತೆಯನ್ನು ಹೊಳೆಯ ಕಡೆಗೆ ಎರಚಿ ಬಂದಳು. ನಾನೂ ಜೊತೆಗಿದ್ದೆ. ಅಕ್ಕಿಯ ಕಾಳಾದರೂ ಆಚೆ ದಾಟಿತೇ ಎಂದು ಇಬ್ಬರೂ ನೋಡುತ್ತ ನಿಂತೆವು.

ಗೌರಿಹಬ್ಬಕ್ಕೆ ಸುಗುಣ ಬಂದಳು. ಬಸ್ಸು ನಮ್ಮ ಬೀದಿಗೆ ನಿಲ್ಲುವುದಿಲ್ಲವಲ್ಲ, ತಿರುವಿನಲ್ಲಿ ನಿಧಾನವಾದಾಗ ರೇವಣ್ಣ ಕೈ ಕೊಟ್ಟು ಇಳಿಸಿದ. ಸೀರೆ ಎತ್ತಿಕೊಂಡು ಓಡಿ ಬಂದವಳು ಹೊಸಿಲ ಹೊರಗೆ ನಿಂತು, “ಭೇಟಿ ತೆರೆದೆ ಕಣವ್ವ” ಎಂದಳು. ಬಾಗಿನ ಕೊಟ್ಟಳು, ಬೋಂಡ ತಿಂದಳು. ಆಚೆಯ ಊರಿನ ಫೈಲಿನಲ್ಲಿ ತನ್ನ ಟ್ಯಾಗಿನೊಳಗೆ ಗಂಡನ ಹೆಸರಿದೆ, ಕಸುಬಿದೆ, ತಾಯಿಯ ಹೆಸರಿನ ಜಾಗ ಮಾತ್ರ ಖಾಲಿ ಬಿದ್ದಿದೆ ಎಂದು ಹೇಳಿ ಅತ್ತಳು. ಹೊಂಬಾಳಮ್ಮ ಅವಳ ಕಣ್ಣೊರೆಸಿ, “ಖಾಲಿ ಜಾಗ ಐತಲ್ಲ, ಅದು ನಾನೇ ಅಂದ್ಕೊ” ಎಂದಳು.

ಸಂಜೆ ಬಸ್ಸು ಬರುವ ಹೊತ್ತಾಯಿತು. ಸುಗುಣ ಎದ್ದು, ಮೊದಲು ಬೋಂಡ ಮುಚ್ಚಿ, ಅಳು ಮುಚ್ಚಿ, ಕಡೆಯದನ್ನು ಹೇಳಲು ಬಾಯಿ ತೆರೆದಳು. ಹೊಂಬಾಳಮ್ಮ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

“ಭೇಟಿ ಮುಚ್ಚಬೇಡ. ಇಲ್ಲಿ ಕೇಳೋರಿಲ್ಲ. ಹಂಗೇ ಹೋಗು.”

ಸುಗುಣ ತಾಯಿಯ ಮುಖ ನೋಡಿದಳು. ಭೇಟಿ ಮುಚ್ಚದೆಯೇ ಓಡಿಹೋಗಿ ಬಸ್ಸಿನ ಕಂಬಿ ಹಿಡಿದು ಹತ್ತಿದಳು. ಅವಳ ಸಂಸಾರ, ಆಚೆಯ ಊರಿನ ಕೆಲಸ, ಮೊನ್ನೆ ಹುಟ್ಟಿದ ಗಂಡುಮಗು, ಎಲ್ಲವೂ ಈಗ ಆ ಭೇಟಿಯ ಒಳಗೇ ನಡೆಯುತ್ತಿವೆ. ಹೊಂಬಾಳಮ್ಮ ಬಾಗಿಲನ್ನು ಓರೆ ಮಾಡಿಟ್ಟು ಇಸ್ತ್ರಿ ಮಾಡುತ್ತಾಳೆ. ಮಗಳು ಎಲ್ಲಿ ಎಂದು ಯಾರಾದರೂ ಕೇಳಿದರೆ, ಮನೆಗೆ ಬಂದಿದ್ದಾಳೆ ಎನ್ನುತ್ತಾಳೆ.